ಏರುದಾರಿ, ಎದುರುಗಾಳಿ ಮತ್ತು ಮೊದಲ 200 ಕಿ.ಮೀ.: ಸೈಕಲ್ ಸವಾರರ ಅನುಭವ ಹಂಚಿಕೆ

ಪ್ರಶ್ನೆ: ದಾವಣಗೆರೆಯ ಒಬ್ಬ ಶಿಕ್ಷಕಿಯಿಂದ

ಕೆಲವು ವರ್ಷಗಳಿಂದ ರಜೆಯ ದಿನಗಳಲ್ಲಿ ರೋಡ್ ಸೈಕಲ್ ತುಳಿಯುತ್ತಿದ್ದೇನೆ. ಭದ್ರಾ ನಾಲೆಯ ಬಯಲಿನಲ್ಲಿ 70–80 ಕಿ.ಮೀ. ಹೋಗಿಬರುವುದು ಈಗ ಆಯಾಸವೆನಿಸುವುದಿಲ್ಲ. ಆದರೆ ಹೊಳಲ್ಕೆರೆ, ಹೊಸದುರ್ಗದ ಕಡೆಗೆ ತಿರುಗಿದರೆ, ಅದರಲ್ಲೂ ಆಷಾಢದ ಗಾಳಿ ಎದ್ದ ಮೇಲೆ, ಏರೂ ಎದುರುಗಾಳಿಯೂ ಒಟ್ಟಿಗೇ ಬಂದು ವೇಗ ಗಂಟೆಗೆ ಹತ್ತು ಹನ್ನೆರಡು ಕಿ.ಮೀ.ಗೆ ಇಳಿಯುತ್ತದೆ; ಮಧ್ಯಾಹ್ನದ ಹೊತ್ತಿಗೆ ಕಾಲುಗಳಲ್ಲಿ ಕಸುವು ಉಳಿದಿರುವುದಿಲ್ಲ. ಮುಂಗಾರು ಕಳೆಯುವುದರೊಳಗೆ ಮೊದಲ 200 ಕಿ.ಮೀ. ಬ್ರೆವೆ (ಗೊತ್ತಾದ ಕಾಲಮಿತಿಯೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸಬೇಕೆಂಬ ಬಯಕೆಯಿದೆ. ಅದಕ್ಕಿರುವ ಕಾಲಮಿತಿ ಹದಿಮೂರೂವರೆ ಗಂಟೆ. ಇಂಥ ದಾರಿಗಳಲ್ಲಿ ದೂರ ಹೋಗಿ ರೂಢಿಯಿರುವವರು ತಯಾರಿ ಹೇಗಿರಬೇಕು, ದಾರಿಯಲ್ಲಿ ಏನನ್ನು ಗಮನಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಬೇಕು.

ಹಿರಿಯೂರಿನಿಂದ

ಮೇಡಂ, ವೇಗ ಇಳಿದರೆ ಶಕ್ತಿ ಸಾಲದಾಯಿತೆಂದು ತಿಳಿಯಬೇಡಿ. ಮೈಗೆ ಬಡಿಯುವ ಗಾಳಿಯ ವೇಗ ಇಮ್ಮಡಿಯಾದರೆ ಅದರ ತಡೆ ನಾಲ್ಕು ಪಟ್ಟಾಗುತ್ತದೆ. ಗಾಳಿಯಿಲ್ಲದ ದಿನ ಗಂಟೆಗೆ 20 ಕಿ.ಮೀ. ಹೋಗುವವರಿಗೆ ಎದುರಿನಿಂದ ಅಷ್ಟೇ ವೇಗದ ಗಾಳಿ ಬೀಸಿದರೆ ಅವರು 40ರ ಗಾಳಿಯನ್ನು ಸೀಳಿಕೊಂಡು ಹೋಗಬೇಕಾಗುತ್ತದೆ. ಅಂಥಲ್ಲಿ ಹಳೆಯ ವೇಗವನ್ನೇ ಉಳಿಸಿಕೊಳ್ಳಲು ಹೊರಟರೆ ಎರಡು ಗಂಟೆಯೊಳಗೆ ದಿನದ ಕಸುವೆಲ್ಲ ಖರ್ಚಾಗಿಬಿಡುತ್ತದೆ. ಆದ್ದರಿಂದ ಗಾಳಿಯ ನಾಡಿನಲ್ಲಿ ಮೀಟರಿನ ಅಂಕಿಯನ್ನು ನೋಡದೆ ಉಸಿರನ್ನು ಗಮನಿಸಿ ತುಳಿಯಿರಿ. ಪಕ್ಕದವರೊಡನೆ ಪೂರ್ತಿ ವಾಕ್ಯ ಆಡುವಷ್ಟು ಉಸಿರು ಉಳಿದಿದ್ದರೆ ನಿಮ್ಮ ಶ್ರಮ ಹದದಲ್ಲಿದೆ, ವೇಗ ಎಷ್ಟೇ ಇರಲಿ.

ಹಿಂಗಾಳಿಯಲ್ಲಿ ಕಳೆದದ್ದನ್ನೆಲ್ಲ ಹಿಂಪಡೆಯಬಹುದೆಂಬ ನಂಬಿಕೆಯೂ ಲೆಕ್ಕಕ್ಕೆ ನಿಲ್ಲುವುದಿಲ್ಲ. 60 ಕಿ.ಮೀ. ದೂರವನ್ನು ಹೋಗುವಾಗ 15ರ ವೇಗದಲ್ಲಿ, ಬರುವಾಗ 30ರ ವೇಗದಲ್ಲಿ ಕ್ರಮಿಸಿದರೆ ಆರು ಗಂಟೆ ಹಿಡಿಯುತ್ತದೆ. ಅದೇ 120 ಕಿ.ಮೀ.ಯನ್ನು ಗಾಳಿಯಿಲ್ಲದ ದಿನ 22.5ರ ವೇಗದಲ್ಲಿ ಐದು ಗಂಟೆ ಇಪ್ಪತ್ತು ನಿಮಿಷದಲ್ಲಿ ಮುಗಿಸಬಹುದು. ಈ ನಲವತ್ತು ನಿಮಿಷವನ್ನು ಹೊರಡುವ ಮೊದಲೇ ಯೋಜನೆಯೊಳಗೆ ಸೇರಿಸಿಕೊಳ್ಳುವುದು ಜಾಣತನ.

ನಮ್ಮ ಭಾಗದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಹೆಚ್ಚಾಗಿ ಪಶ್ಚಿಮ, ನೈರುತ್ಯಗಳಿಂದಲೇ ಬೀಸುತ್ತದೆ. ಘಟ್ಟದಲ್ಲಿ ಮಳೆ ಸುರಿಸಿ ಬಂದ ಗಾಳಿ ಬಯಲುಸೀಮೆಯ ಮೇಲೆ ಒಣಗಾಳಿಯಾಗಿ ಹಾಯುತ್ತದೆ. ದಿಕ್ಕು ಹೀಗೆ ನಿಶ್ಚಿತವಾಗಿರುವುದು ಸವಾರರಿಗೆ ದೊಡ್ಡ ಅನುಕೂಲ. ಅಭ್ಯಾಸಕ್ಕೆ ಚಿತ್ರದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗ, ಮಾರಿಕಣಿವೆಯ ಮೇಲೆ ಹಿರಿಯೂರು, ಮತ್ತೆ ಚಿತ್ರದುರ್ಗ ಎಂಬ ಸುತ್ತನ್ನು ಆರಿಸಿಕೊಳ್ಳಿ. ಒಟ್ಟು ಸುಮಾರು 150 ಕಿ.ಮೀ. ಆಗುತ್ತದೆ. ಮೈ ಹಗುರವಾಗಿರುವ ಬೆಳಗಿನಲ್ಲಿ ಹೊಳಲ್ಕೆರೆಯವರೆಗೆ ಎದುರುಗಾಳಿ, ಹೊಸದುರ್ಗದವರೆಗೆ ಬಲಗಡೆಯಿಂದ ಓರೆಗಾಳಿ, ಬಿಸಿಲೇರುವ ಹೊತ್ತಿಗೆ ಹಿರಿಯೂರಿನವರೆಗೆ ಬೆನ್ನಿಗೆ ಗಾಳಿ, ಕೊನೆಗೆ ಹೆದ್ದಾರಿಯಲ್ಲಿ ಎಡದಿಂದ ಅಡ್ಡಗಾಳಿ ಸಿಗುತ್ತದೆ. ಇದೇ ಸುತ್ತನ್ನು ತಿರುಗುಮುರುಗಾಗಿ ತುಳಿದರೆ ದಣಿದ ಮಧ್ಯಾಹ್ನದಲ್ಲಿ ಏರೂ ಗಾಳಿಯೂ ಎದುರು ನಿಲ್ಲುತ್ತವೆ. ಒಂದು ಎಚ್ಚರಿಕೆಯೆಂದರೆ, ಮಾರಿಕಣಿವೆ ಹೆಸರಿಗೆ ತಕ್ಕಂತೆ ಎರಡು ಗುಡ್ಡಗಳ ನಡುವಿನ ಕಂಡಿ. 1907ರಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ್ದು ಆ ಇಕ್ಕಟ್ಟಿಗೇ. ಇಂಥ ಕಂಡಿಗಳಲ್ಲಿ ಗಾಳಿ ಒತ್ತರಿಸಿಕೊಂಡು ಜೋರಾಗುವುದರಿಂದ ಬೆನ್ನಗಾಳಿಯೆಂದು ಮೈಮರೆತು ತುಳಿಯದೆ ಹಿಡಿತದಲ್ಲಿರಿ.

ಇನ್ನು ಹೊತ್ತಿನ ವಿಷಯ. ರಾತ್ರಿ ನೆಲ ತಣ್ಣಗಾದಾಗ ಕೆಳಮಟ್ಟದ ಗಾಳಿ ತಗ್ಗುತ್ತದೆ. ಬಿಸಿಲಿಗೆ ನೆಲ ಕಾಯತೊಡಗಿದಂತೆ ಮೇಲಿನ ಬಿರುಸು ಗಾಳಿ ಕೆಳಗಿಳಿದು ಬೆರೆಯುತ್ತದೆ. ಹತ್ತು ಗಂಟೆಯಿಂದ ಸಂಜೆಯವರೆಗೆ ಅದರದೇ ಆಳ್ವಿಕೆ. ಐದು ಗಂಟೆಗೆ ಹೊರಟವರಿಗೆ ಸಿಗುವ ಮೂರು ನಾಲ್ಕು ತಾಸುಗಳ ಸುಲಭದ ದಾರಿ ಎಂಟಕ್ಕೆ ಹೊರಟವರಿಗೆ ಸಿಗುವುದಿಲ್ಲ. ಗಾಳಿಯ ದಿಕ್ಕನ್ನು ತಿಳಿಯಲು ಜೋಗಿಮಟ್ಟಿಯ ಸುತ್ತಲಿನ ಗುಡ್ಡಸಾಲುಗಳ ಗಾಳಿಯಂತ್ರಗಳಿಗಿಂತ ಒಳ್ಳೆಯ ಸೂಚಕ ಬೇಕಿಲ್ಲ. ರೆಕ್ಕೆಗಳು ಯಾವ ಕಡೆಗೆ ಮುಖಮಾಡಿವೆಯೋ ಗಾಳಿ ಬರುತ್ತಿರುವುದು ಆ ಕಡೆಯಿಂದ. ಆದರೆ ಗುಡ್ಡದ ನೆತ್ತಿಯ ಗಾಳಿಗೂ ರಸ್ತೆಯ ಗಾಳಿಗೂ ಅಂತರವಿರುವುದರಿಂದ ಅವು ತಿರುಗುವುದನ್ನು ದೂರದಿಂದ ಕಂಡು ಎದೆಗುಂದಬೇಕಾಗಿಲ್ಲ.

ಗದಗದಿಂದ

ಹಿರಿಯೂರಿನವರು ಎದುರುಗಾಳಿಯ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ನನ್ನ ದೃಷ್ಟಿಯಲ್ಲಿ ಎದುರುಗಾಳಿ ದಣಿಸುತ್ತದೆ, ಅಪಾಯ ಇರುವುದು ಅಡ್ಡಗಾಳಿಯಲ್ಲಿ. ಕಪ್ಪತಗುಡ್ಡದ ಸೆರಗಿನಲ್ಲಿ, ಡಂಬಳ, ಮುಂಡರಗಿಗಳ ಕಡೆಯ ಎರೆಹೊಲಗಳ ನಡುವೆ ಮೈಲುಗಟ್ಟಲೆ ಮರದ ಆಸರೆಯಿಲ್ಲದ ರಸ್ತೆಗಳಿವೆ. ಅಲ್ಲಿ ಸೈಕಲ್ಲನ್ನು ಗಾಳಿ ಬರುವ ಕಡೆಗೆ ಸ್ವಲ್ಪ ವಾಲಿಸಿಕೊಂಡೇ ನಡೆಸಬೇಕಾಗುತ್ತದೆ. ಗಾಳಿ ಬಲಗಡೆಯಿಂದ ಬೀಸುತ್ತಿರುವಾಗ ಲಾರಿಯೊಂದು ಹಿಂದಿನಿಂದ ಬಂದು ಬಲಕ್ಕೆ ಹಾಯ್ದರೆ ಆ ಗಾಳಿ ಒಮ್ಮೆಗೇ ತಡೆದುಹೋಗುತ್ತದೆ. ಬಲಕ್ಕೆ ವಾಲಿದ್ದ ಸೈಕಲ್ ಲಾರಿಯ ಕಡೆಗೇ ಸರಿಯುತ್ತದೆ. ಲಾರಿ ದಾಟಿದ ಕ್ಷಣದಲ್ಲಿ ಗಾಳಿ ಮತ್ತೆ ಬಡಿದು ಎಡಕ್ಕೆ ನೂಕುತ್ತದೆ. ಚಿತ್ರದುರ್ಗದಿಂದ ಹಿರಿಯೂರಿಗೆ ಹೆದ್ದಾರಿಯಲ್ಲಿ ಇಳಿಯುವವರಿಗೆ ಮುಂಗಾರಿನಲ್ಲಿ ಇದೇ ಸ್ಥಿತಿ. ಮೇಲಿನವರು ಸೂಚಿಸಿದ ಸುತ್ತಿನಲ್ಲಿ ಆ ರಸ್ತೆಯನ್ನು ಎದುರು ದಿಕ್ಕಿಗೆ ತುಳಿಯುವುದರಿಂದ ಗಾಳಿ ಎಡದಿಂದ ಬರುತ್ತದೆ, ಲಾರಿಗಳು ಅದಕ್ಕೆ ಅಡ್ಡವಾಗುವುದಿಲ್ಲ. ಆ ಒಂದು ಕಾರಣಕ್ಕೇ ನಾನು ಆ ಸುತ್ತನ್ನು ಒಪ್ಪುತ್ತೇನೆ. ಆದರೂ ಜೋರು ಬೀಸು ಬಂದಾಗ ರಸ್ತೆಯ ನಡುವಿನ ಕಡೆಗೆ ಜರುಗುವ ಸಂಭವವಿರುವುದರಿಂದ, ಬಿಳಿಗೆರೆಯಾಚೆಯ ಅಂಚು ಚೆನ್ನಾಗಿರುವಲ್ಲೆಲ್ಲ ಅಲ್ಲೇ ಉಳಿಯಿರಿ.

ಇಳಿಜಾರಿನಲ್ಲಿ ಕೈಗಳನ್ನು ಹ್ಯಾಂಡಲ್‌ನ ಕೆಳಭಾಗಕ್ಕೆ ತಂದು, ಮೊಣಕೈ ಸಡಿಲವಾಗಿಟ್ಟು, ಮೊಣಕಾಲುಗಳನ್ನು ಫ್ರೇಮಿನ ಮೇಲಿನ ಕೊಳವೆಗೆ ಒತ್ತಿಕೊಂಡರೆ ಮುಂದಿನ ಚಕ್ರ ನಡುಗುವುದು ಕಡಿಮೆಯಾಗುತ್ತದೆ. ಗುಡ್ಡ ಕಡಿದು ಮಾಡಿದ ರಸ್ತೆಯ ಗೋಡೆ ಮುಗಿಯುವ ಜಾಗ, ಸೇತುವೆ, ಕೆರೆಯ ಏರಿ, ಇವುಗಳಲ್ಲಿ ಗಾಳಿ ಏಕಾಏಕಿ ಅಪ್ಪಳಿಸುತ್ತದೆ. ಅಲ್ಲಿಗೆ ತಲುಪುವ ಮೊದಲೇ ಬ್ರೇಕಿನಿಂದ ವೇಗ ತಗ್ಗಿಸಿಕೊಳ್ಳಿ, ಬೀಸು ತಾಗಿದ ಮೇಲೆ ಬ್ರೇಕ್ ಒತ್ತುವುದು ಬೇಡ. ಆಳವಾದ ಅಂಚಿನ ರಿಮ್ ಇರುವ ಚಕ್ರಗಳನ್ನು ಈ ಕಾಲದಲ್ಲಿ ಮನೆಯಲ್ಲೇ ಬಿಡಿ. ಸಾಮಾನಿನ ಚೀಲವನ್ನು ಮುಂದೆ ಕಟ್ಟುವುದಕ್ಕಿಂತ ಸೀಟಿನ ಹಿಂದೆ ಕಟ್ಟುವುದು ಲೇಸು.

ಜೊತೆಗಾರರಿದ್ದರೆ ಎದುರುಗಾಳಿಯಲ್ಲಿ ಒಬ್ಬರ ಹಿಂದೊಬ್ಬರು ಸರದಿಯಂತೆ ಮುಂದಾಳಾಗಿ ಸಾಗಿ, ಒಂದೊಂದು ಸರದಿ ಐದು ನಿಮಿಷ ಮೀರದಿರಲಿ. ಆದರೆ ಗಾಳಿ ಎಡ ಓರೆಯಿಂದ ಬರುತ್ತಿರುವಾಗ ಆಸರೆ ಸಿಗುವುದು ಮುಂದಿನವರ ಬಲ ಹಿಂಬದಿಯಲ್ಲಿ, ಅಂದರೆ ವಾಹನಗಳು ಹಾಯುವ ಜಾಗದಲ್ಲಿ. ಅಷ್ಟು ಆಸರೆಗಾಗಿ ಅಲ್ಲಿಗೆ ಸರಿಯಬೇಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನನ್ನ ಸೈಕಲ್ಲಿನ ಮುಂದಿನ ಸಣ್ಣ ಚೈನ್‌ರಿಂಗ್ 34 ಹಲ್ಲಿನದು, ಹಿಂದಿನ ಕ್ಯಾಸೆಟ್ಟಿನ (ಗೇರ್ ಚಕ್ರಗಳ ಗುಚ್ಛದ) ದೊಡ್ಡ ಚಕ್ರ 28 ಹಲ್ಲಿನದು. ಇದು ಸಾಕೇ? ಊಟ, ನೀರಿನ ಬಗ್ಗೆಯೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಚಿಕ್ಕಮಗಳೂರಿನಿಂದ

ಬರಿಯ ಏರಿಗಾದರೆ ಸಾಕಾಗಬಹುದು, ಏರಿನ ಜೊತೆ ಗಾಳಿಯೂ ಇದ್ದರೆ ಸಾಲದು. ನಿಮ್ಮ ಈಗಿನ ಗೇರಿನಲ್ಲಿ ನಿಮಿಷಕ್ಕೆ 70 ಸುತ್ತು ತುಳಿಯಬೇಕಾದರೆ ವೇಗ ಗಂಟೆಗೆ ಸುಮಾರು 11 ಕಿ.ಮೀ. ಇರಲೇಬೇಕು. ಅದಕ್ಕಿಂತ ವೇಗ ತಗ್ಗಿದರೆ ಸುತ್ತುಗಳು ಇಳಿದು ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಹಿಂದೆ 34 ಹಲ್ಲಿನ ಚಕ್ರ ಹಾಕಿಸಿದರೆ ಅದೇ 70 ಸುತ್ತಿನಲ್ಲಿ 9 ಕಿ.ಮೀ. ವೇಗದವರೆಗೂ ಸರಾಗವಾಗಿ ತುಳಿಯಬಹುದು. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಎಲ್ಲ ಡಿರೇಲರ್‌ಗಳೂ 34ನ್ನು ಹಿಡಿಯುವುದಿಲ್ಲ, ಚೈನು ಉದ್ದವಾಗಬೇಕಾಗಬಹುದು, ಆದ್ದರಿಂದ ಕ್ಯಾಸೆಟ್ ಕೊಳ್ಳುವ ಮೊದಲು ಮೆಕ್ಯಾನಿಕ್‌ಗೆ ಸೈಕಲ್ಲನ್ನೇ ತೋರಿಸಿ. ಮುಳ್ಳಯ್ಯನಗಿರಿಯ ದಾರಿಯಲ್ಲಿ ಬಲಿಷ್ಠ ಸವಾರರೂ ಅತಿ ಸಣ್ಣ ಗೇರಿನಲ್ಲೇ ಹತ್ತುವುದನ್ನು ನೋಡುತ್ತಿರುತ್ತೇನೆ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಗುಡ್ಡದ ಮರೆಯಲ್ಲಿ ಹತ್ತುವಾಗ ಗಾಳಿ ತಿಳಿಯುವುದಿಲ್ಲ, ನೆತ್ತಿಗೆ ಇನ್ನೇನು ಬಂದೆವು ಎನ್ನುವಾಗ ಅದು ಮುಖಕ್ಕೆ ಬಡಿಯುತ್ತದೆ. ಕೊನೆಯ ಇನ್ನೂರು ಮೀಟರಿಗೆಂದು ಒಂದು ಗೇರನ್ನು ಉಳಿಸಿಕೊಂಡಿರಿ.

ನೀರಿನ ವಿಷಯದಲ್ಲಿ ಗಾಳಿ ಮೋಸ ಮಾಡುತ್ತದೆ. ಬೆವರು ಹುಟ್ಟಿದೊಡನೆ ಆರಿಹೋಗುವುದರಿಂದ ಬೆವರುತ್ತಿರುವುದೇ ಅರಿವಿಗೆ ಬರುವುದಿಲ್ಲ, ಮೋಡವಿದ್ದರಂತೂ ಬಾಯಾರಿಕೆಯ ನೆನಪೇ ಆಗುವುದಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ಎಂಬ ನಿಯಮ ಇಟ್ಟುಕೊಳ್ಳಿ. ಎರಡು ಬಾಟಲಿಗಳಲ್ಲಿ ಒಂದರಲ್ಲಿ ಓಆರ್‌ಎಸ್ ಅಥವಾ ಉಪ್ಪು, ಸಕ್ಕರೆ, ನಿಂಬೆಹಣ್ಣಿನ ಪಾನಕವಿರಲಿ. ಆಹಾರವನ್ನು ಕಿ.ಮೀ. ಲೆಕ್ಕದಲ್ಲಿ ಹಂಚಬೇಡಿ. ಎದುರುಗಾಳಿಯ 20 ಕಿ.ಮೀ.ಗೆ ಎರಡು ಗಂಟೆ ಹಿಡಿಯಬಹುದು, ದೇಹಕ್ಕೆ ಬೇಕಾಗುವುದು ಗಂಟೆಯ ಲೆಕ್ಕದ ಊಟ. ಗಂಟೆಗೊಂದು ಬಾಳೆಹಣ್ಣು, ಜೊತೆಗೆ ಒಂದು ಶೇಂಗಾ ಚಿಕ್ಕಿ ಅಥವಾ ನಾಲ್ಕು ಖರ್ಜೂರ ತಪ್ಪದೆ ಹೊಟ್ಟೆಗೆ ಬೀಳಲಿ. ಮಧ್ಯಾಹ್ನ ಅರ್ಧ ಹೊಟ್ಟೆ ಮೊಸರನ್ನ ಉಂಡರೆ ಹಿತ. ಗಾಳಿಗೆ ಪಟಪಟ ಬಡಿದುಕೊಳ್ಳುವ ಸಡಿಲ ಜಾಕೆಟ್ಟು ತೊಡಬೇಡಿ, ಅದು ದಿನವಿಡೀ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ.

ನೆದರ್ಲೆಂಡ್ಸ್‌ನಲ್ಲಿರುವ ದಾವಣಗೆರೆಯವರಿಂದ

ನಮ್ಮೂರಿನವರ ಪ್ರಶ್ನೆ ಕಂಡು ಸಂತೋಷವಾಯಿತು. ಇಲ್ಲಿ ಗುಡ್ಡಗಳಿಲ್ಲ, ಗಾಳಿಗೆ ಕೊರತೆಯಿಲ್ಲ. 2013ರಿಂದ ಸಮುದ್ರದ ತಡೆಗೋಡೆಯ ಮೇಲೆ ಗೇರಿಲ್ಲದ ಸಾಮಾನ್ಯ ಸೈಕಲ್ಲುಗಳಲ್ಲಿ 8.5 ಕಿ.ಮೀ. ದೂರದ ಎದುರುಗಾಳಿ ಸ್ಪರ್ಧೆಯನ್ನೇ ನಡೆಸುತ್ತಾರೆ, ಅದೂ ಬಿರುಗಾಳಿಯ ದಿನವನ್ನೇ ಕಾದು. ಇಲ್ಲಿಯವರಿಂದ ನಾನು ಕಲಿತದ್ದು, ಎದುರುಗಾಳಿಯನ್ನು ಉದ್ದನೆಯ ಏರೆಂದೇ ಎಣಿಸಬೇಕು ಎಂಬುದು. ಏರು ಶುರುವಾಗುವಲ್ಲಿ ಹೇಗೆ ಗೇರ್ ಇಳಿಸುತ್ತೇವೆಯೋ ಹಾಗೆಯೇ ಗಾಳಿಗೆ ತಿರುಗಿದ ಕೂಡಲೇ ಇಳಿಸಿಬಿಡಬೇಕು. ಭುಜ ಬಿಗಿಹಿಡಿಯದೆ, ಮೊಣಕೈ ಮಡಿಸಿ ಎದೆಯನ್ನು ತಗ್ಗಿಸಿದರೆ ಗಾಳಿಗೆ ಸಿಗುವ ಮೈ ಕಡಿಮೆಯಾಗುತ್ತದೆ. ಈ ಭಂಗಿಯಲ್ಲಿ ಗಂಟೆಗಟ್ಟಲೆ ಇರಲು ಬೆನ್ನು ಹೊಟ್ಟೆಗಳ ಬಲ ಬೇಕಾಗುವುದರಿಂದ ಈಗಿನಿಂದಲೇ ಮನೆಯಲ್ಲಿ ಅದರ ವ್ಯಾಯಾಮ ಮಾಡಿ.

ಚಿತ್ರದುರ್ಗದಿಂದ

ನಾನೂ ಮಹಿಳೆ, ಇದೇ ದಾರಿಗಳಲ್ಲಿ ಬ್ರೆವೆ ಮುಗಿಸಿದವಳು, ಹಾಗಾಗಿ ಕಾಲಮಿತಿಯ ಮಾತನ್ನಷ್ಟೇ ಸೇರಿಸುತ್ತೇನೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆಯೆಂದರೆ ನಿಂತ ಹೊತ್ತೂ ಸೇರಿ ಸರಾಸರಿ 15 ಕಿ.ಮೀ.ಗಿಂತ ತುಸು ಕಡಿಮೆ. ಊಟ, ಕಂಟ್ರೋಲ್‌ಗಳಲ್ಲಿ (ದಾರಿಯ ತಪಾಸಣಾ ಠಾಣೆಗಳಲ್ಲಿ) ಹಾಕಿಸಿಕೊಳ್ಳುವ ಮುದ್ರೆ, ಪಂಕ್ಚರ್ ಎಲ್ಲಕ್ಕೂ ಒಂದೂವರೆ ಗಂಟೆ ತೆಗೆದಿಟ್ಟರೆ ಸವಾರಿಗೆ ಹನ್ನೆರಡು ಗಂಟೆ ಉಳಿಯುತ್ತದೆ, ಆಗ 17ರ ವೇಗ ಸಾಕು. ಆದರೆ ನಡುವಿನ ಕಂಟ್ರೋಲ್‌ಗಳೂ ಹೆಚ್ಚುಕಡಿಮೆ ಗಂಟೆಗೆ 15ರ ಲೆಕ್ಕದಲ್ಲೇ ಮುಚ್ಚುತ್ತವೆ. 100 ಕಿ.ಮೀ. ದೂರದ ಕಂಟ್ರೋಲ್ ಆರು ಗಂಟೆ ನಲವತ್ತು ನಿಮಿಷಕ್ಕೆ ಮುಚ್ಚುವುದರಿಂದ, ಮೊದಲರ್ಧವೆಲ್ಲ ಎದುರುಗಾಳಿಯಿರುವ ದಾರಿಯಾದರೆ ನಿಮ್ಮ ನಿಜವಾದ ಪರೀಕ್ಷೆ ಅಲ್ಲಿಯೇ. ಹೆಸರು ನೋಂದಾಯಿಸುವ ಮೊದಲು ನಕ್ಷೆಯಲ್ಲಿ ದಾರಿಯ ದಿಕ್ಕನ್ನು ನೋಡಿ. ಹೊರಡುವಾಗ ಪಶ್ಚಿಮಕ್ಕೆ ಮುಖಮಾಡುವ ದಾರಿಯಿದ್ದರೆ ಬೆಳಗಿನ ಮೂರು ಗಂಟೆಗಳಲ್ಲಿ ಎಲ್ಲಿಯೂ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ, ತಿಂಡಿಯನ್ನು ಜೇಬಿನಲ್ಲೇ ಒಯ್ಯಿರಿ. ಪ್ರತಿಫಲಿಸುವ ಜಾಕೆಟ್ಟು, ಮುಂದೆ ಹಿಂದೆ ದೀಪ ಕಡ್ಡಾಯ. ಗಾಳಿಯಿಂದ ತಡವಾಗಿ ಕೊನೆಯ ಒಂದೆರಡು ತಾಸು ಕತ್ತಲಲ್ಲಿ ಸಾಗಬೇಕಾಗಬಹುದು, ಹಾಗಾಗಿ ದೀಪದ ಚಾರ್ಜು ನಾಲ್ಕು ಗಂಟೆಯಾದರೂ ಬರುವಂತಿರಲಿ.

ವಾರದ ನಡುವೆ ಎರಡು ಸಣ್ಣ ಸವಾರಿ, ಭಾನುವಾರ ಒಂದು ದೊಡ್ಡದು ಎಂದು ಇಟ್ಟುಕೊಂಡು ದೊಡ್ಡದನ್ನು 80ರಿಂದ 100, 120, 150ಕ್ಕೆ ಏರಿಸುತ್ತಾ ಹೋಗಿ. ನಡುವೆ ಒಂದು ವಾರ ದೂರ ಇಳಿಸಿ ಮೈಗೆ ಬಿಡುವು ಕೊಡಿ. ಗಾಳಿಯಿರುವ ದಿನಗಳನ್ನು ತಪ್ಪಿಸದೆ ಹೊರಬೀಳಿ. ಹೊಳಲ್ಕೆರೆಯ ಸುತ್ತನ್ನು ತುಳಿಯುವ ಭಾನುವಾರ ಯಾವುದೆಂದು ಮುಂಚಿತವಾಗಿ ತಿಳಿಸಿದರೆ, ಬೆಳಗಿನ ಐದು ಗಂಟೆಗೆ ನಾನೂ ಜೊತೆಗೂಡುತ್ತೇನೆ.