ಪದಚರ್ಚೆ: ಹಳೆ ನಾಣ್ಯದ ಚಿತ್ರ ಹೊಸ ನಾಣ್ಯಕ್ಕೆ ಬಂದರೆ ಅದು ‘ಮರುಮುದ್ರಣ’ವೋ ‘ಪಡಿಯಚ್ಚೋ’?

ಗೆಳೆಯರೇ,

ಒಂದು ಪದಕ್ಕಾಗಿ ವಾರದಿಂದ ಒದ್ದಾಡುತ್ತಿದ್ದೇನೆ. ಶಾಲೆಯೊಂದರ ಮಕ್ಕಳಿಗೆ ತೋರಿಸಲು ಹಳೆ ನಾಣ್ಯಗಳ ಫೋಟೋ ಅಂಟಿಸಿ, ಕೆಳಗೆ ಚೀಟಿ ಬರೆಯುತ್ತಿದ್ದೆ. ಹೈದರಾಲಿಯ ಬಹಾದ್ದೂರಿ ವರಹ ಎಂಬ ಚಿನ್ನದ ನಾಣ್ಯದ ಕೆಳಗೆ ‘ಹಳೆ ಚಿತ್ರದ ಮರುಮುದ್ರಣ’ ಎಂದು ಬರೆದೆ. ಒಬ್ಬ ಹುಡುಗಿ ಓದಿ, “ಎರಡನೇ ಮುದ್ರಣಾನಾ ಸಾರ್, ಪುಸ್ತಕದ ಥರ?” ಅಂದಳು. ಚೀಟಿ ಹರಿದು ಹಾಕಿದೆ. ಹೊಸದು ಇನ್ನೂ ಬರೆದಿಲ್ಲ.

ಆ ವರಹ ಕಿರುಬೆರಳಿನ ಉಗುರಿನಷ್ಟು ಅಗಲ, ತೂಕ ಸುಮಾರು 3.4 ಗ್ರಾಂ. ಒಂದು ಕಡೆ ಶಿವ-ಪಾರ್ವತಿ ಪಕ್ಕಪಕ್ಕ ಕೂತಿದ್ದಾರೆ. ಶಿವನ ಕೈಯಲ್ಲಿ ತ್ರಿಶೂಲ, ಜಿಂಕೆ. ತಿರುಗಿಸಿದರೆ ರವೆ ಚೆಲ್ಲಿದ ಹಾಗೆ ಚುಕ್ಕಿಗಳು, ನಡುವೆ ಒಂದೇ ಒಂದು ಪಾರಸಿ ಅಕ್ಷರ: ಹೈದರನ ಹೆಸರಿನ ಮೊದಲಕ್ಷರ. ಶಿವ-ಪಾರ್ವತಿ ಅವನು ಬರೆಸಿದ ಹೊಸ ಚಿತ್ರವಲ್ಲ. ವಿಜಯನಗರದ ವರಹದಲ್ಲಿತ್ತು, ಅಲ್ಲಿಂದ ಇಕ್ಕೇರಿ ನಾಯಕರ ವರಹಕ್ಕೆ ಬಂತು. 1763ರಲ್ಲಿ ಆ ನಾಯಕರ ರಾಜಧಾನಿ ಬಿದನೂರು ಹೈದರನ ಕೈಸೇರಿತು, ಚಿತ್ರವೂ ಜೊತೆಗೇ ಬಂತು. ಪೇಟೆಯಲ್ಲಿ ಜನ ನಂಬಿದ ಮುಖವನ್ನು ಬದಲಿಸಿ ಯಾರು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ, ಅಲ್ವಾ? ಟಿಪ್ಪು ಆ ಚಿತ್ರ ತೆಗೆದು ಬರೀ ಬರಹ ಇಟ್ಟ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವ-ಪಾರ್ವತಿ ಮತ್ತೆ ಬಂದು ಕೂತರು, ಹಿಂಬದಿಯಲ್ಲಿ ನಾಗರಿ ಲಿಪಿಯ ‘ಶ್ರೀ ಕೃಷ್ಣರಾಜ’. (ಇಷ್ಟೆಲ್ಲಾ ಆದರೂ ನಾಣ್ಯದ ಹೆಸರು ಮಾತ್ರ ವರಹ. ಹೆಸರು ಹಂದಿಯದು, ಚಿತ್ರ ಶಿವನದು!)

ಇದಕ್ಕೆ ಏನನ್ನೋಣ? ‘ಮರುಮುದ್ರಣ’, ‘ಮರುಟಂಕನ’ (ಟಂಕನ ಅಂದರೆ ನಾಣ್ಯ ಅಚ್ಚು ಹಾಕುವುದು) ಎಂದು ಬರೆಯುವವರಿದ್ದಾರೆ. ನನ್ನ ತಕರಾರು ಏನೆಂದರೆ, ಇಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಹಳೆಯ ಅಚ್ಚನ್ನೇ ಮತ್ತೆ ತೆಗೆದು ಹೊಸ ಲೋಹಕ್ಕೆ ಒತ್ತುವುದು ಒಂದು. ಹಳೆ ನಾಣ್ಯವನ್ನೇ ಇಟ್ಟು ಅದರ ಮೇಲೆ ಬೇರೆ ಅಚ್ಚು ಹೊಡೆಯುವುದು ಇನ್ನೊಂದು. ಹಳೆ ಚಿತ್ರ ನೋಡಿಕೊಂಡು ಹೊಸ ಅಚ್ಚು ಕೆತ್ತುವುದು ಮೂರನೆಯದು. ನನ್ನ ವರಹ ಮೂರನೆಯ ಜಾತಿ.

ನಮ್ಮ ಮನೆಯಲ್ಲಿ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆಗಳಿವೆ. ಗಿಳಿಯ ಮಣೆ ಸೀಳು ಬಿಟ್ಟಾಗ ಅಜ್ಜಿ ಬಡಗಿಗೆ ಹಳೇ ಗಿಳಿ ತೋರಿಸಿ ಹೊಸದು ಮಾಡಿಸಿದರು. ಕೊಕ್ಕು ಸ್ವಲ್ಪ ಜಾಸ್ತಿ ಬಾಗಿತ್ತು. ಅಜ್ಜಿ ಎರಡನ್ನೂ ಪಕ್ಕದಲ್ಲಿಟ್ಟು, “ಅದರ ಪಡಿಯಚ್ಚೇ ಬಿಡು” ಅಂದಿದ್ದರು. ಮಗು ಅಪ್ಪನ ಪಡಿಯಚ್ಚು ಅನ್ನುತ್ತೇವಲ್ಲ, ಅದೇ ಮಾತು. ನಾಣ್ಯಕ್ಕೆ ಇದಕ್ಕಿಂತ ಹತ್ತಿರದ ಪದ ನನಗೆ ಕಾಣುತ್ತಿಲ್ಲ. ಆದರೆ ಪಡಿಯಚ್ಚು ಅಂದರೆ ಹಿಂದೆ ಮುಂದೆ ಎಲ್ಲ ಒಂದೇ ಎಂದು ಕೇಳಿಸುವುದಿಲ್ಲವೇ? ಬಹಾದ್ದೂರಿಯಲ್ಲಿ ಮುಖ ಮಾತ್ರ ಇಕ್ಕೇರಿಯದು. ಸುಮ್ನೆ ‘ಮುಖ ಪಡಿಯಚ್ಚು, ಬೆನ್ನು ಹೊಸದು’ ಎಂದು ಬರೆದರೆ ನಡೆಯುತ್ತದೆಯೇ? ‘ಮುಮ್ಮುಖ’, ‘ಹಿಮ್ಮುಖ’ ಎಂಬ ಪುಸ್ತಕದ ಪದಗಳು ನನಗೆ ಒಗ್ಗುವುದಿಲ್ಲ. ಹಿಮ್ಮುಖ ಅಂದರೆ ಬಸ್ಸು ರಿವರ್ಸ್ ತೆಗೆದ ಹಾಗೆ.

ಜನರೇ ಇಟ್ಟ ಹೆಸರೂ ಒಂದಿದೆ. 1638ರಿಂದ 1659ರವರೆಗೆ ಮೈಸೂರು ಆಳಿದ ಕಂಠೀರವ ನರಸರಾಜರು ನರಸಿಂಹನ ಚಿತ್ರದ, ‘ಹಣ’ ಎಂಬ ಪುಟ್ಟ ಚಿನ್ನದ ನಾಣ್ಯ ಹೊರಡಿಸಿದ್ದರು. ಮುಂದೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಅದನ್ನೇ ಮತ್ತೆ ಅಚ್ಚು ಹಾಕಿಸಿದರು. ಆಗ ಹಳೆಯದು ‘ಅಗಲ ಕಂಠೀರಾಯ’, ಹೊಸದು ‘ಗಿಡ್ಡ ಕಂಠೀರಾಯ’ ಆಯಿತು. ಮರುವೂ ಇಲ್ಲ, ಟಂಕನವೂ ಇಲ್ಲ. ಕೈಯಲ್ಲಿ ಹಿಡಿದರೆ ಗೊತ್ತಾಗುವ ವ್ಯತ್ಯಾಸವೇ ಹೆಸರು.

ಅಕ್ಕಸಾಲೆ ಕೆಲಸದ ಮನೆಯವರು, ಕಮ್ಮಟದ (ನಾಣ್ಯ ಅಚ್ಚು ಹಾಕುವ ಜಾಗದ) ಶಾಸನ ಓದಿದವರು ಇಲ್ಲಿದ್ದೀರಿ. ಹಳೆಯದನ್ನು ನೋಡಿ ಕೆತ್ತಿದ ಅಚ್ಚಿಗೆ ನಿಮ್ಮ ಕಡೆ ಬೇರೆ ಮಾತಿದೆಯೇ? ಸೋಮವಾರದೊಳಗೆ ಚೀಟಿ ಬರೆದು ಕೊಡಬೇಕು.