ಪದಚರ್ಚೆ: ಡೊಮೈನ್ 'ಮಾರಾಟ ಬೆಲೆ'ಯೊಳಗೆ ನವೀಕರಣ ಶುಲ್ಕ ಸೇರುತ್ತದೆಯೇ?

ಕುಶಾಲನಗರದಿಂದ ಪ್ರಶ್ನೆ: ಹೋಂಸ್ಟೇ ಒಂದರ ಡೊಮೈನ್ ಹೆಸರು (ವೆಬ್ ವಿಳಾಸ) ಕೈಬದಲಾಗುತ್ತಿದೆ, ಕರಾರು ಕನ್ನಡದಲ್ಲಿ ಆಗಬೇಕು. ಈ ವರ್ಷದ ಅವಧಿಯ ಮೇಲೆ ಇನ್ನೂ 9 ವರ್ಷದ ನವೀಕರಣ ಶುಲ್ಕವನ್ನು ಮಾರುವವರೇ ಕಟ್ಟಿ ಕೊಡುತ್ತಾರೆ. ಎಲ್ಲ ಸೇರಿ 6 ಲಕ್ಷ. ಕರಡಿನಲ್ಲಿ 'ಮಾರಾಟ ಬೆಲೆ 6,00,000 ರೂ., ಮುಂಗಡ ನವೀಕರಣ ಸಹಿತ' ಎಂದಿದೆ. ಈ ಮಾತು ಸರಿಯೇ ಸರ್?

ಮಡಿಕೇರಿಯಿಂದ ಉತ್ತರ: ಮೊದಲು 'ಮುಂಗಡ'ವನ್ನು ತೆಗೆಯಿರಿ ಮೇಡಂ. ಕ್ರಯದ ಕರಾರಿನಲ್ಲಿ ಮುಂಗಡ ಅಂದರೆ ಕೊಳ್ಳುವವರು ಮಾರುವವರಿಗೆ ಕೊಟ್ಟ ಅಡ್ವಾನ್ಸ್ ಎಂದೇ ಓದುತ್ತಾರೆ. ಇಲ್ಲಿ ಹಣ ಹೋಗುವುದು ರಿಜಿಸ್ಟ್ರಾರ್ (ಹೆಸರು ನೋಂದಾಯಿಸಿಕೊಡುವ ಕಂಪನಿ) ಮೂಲಕ ರಿಜಿಸ್ಟ್ರಿಗೆ (ಡಾಟ್ ಕಾಮ್‌ನಂಥ ಒಂದು ಬಾಲದ ಹೆಸರುಗಳನ್ನೆಲ್ಲ ನಡೆಸುವ ಸಂಸ್ಥೆ). 'ಮೊದಲೇ ಕಟ್ಟಿದ ನವೀಕರಣ ಶುಲ್ಕ' ಉದ್ದವಾದರೂ ಗೊಂದಲವಿಲ್ಲ.

ಇನ್ನು ಬೆಲೆ. ನಿಮ್ಮದು ಡಾಟ್ ಕಾಮ್ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ರಿಜಿಸ್ಟ್ರಿಯು ರಿಜಿಸ್ಟ್ರಾರ್‌ಗೆ ಹಾಕುವ ಅದರ ಸಗಟು ದರ 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 10.26 ಡಾಲರ್ ಆಯಿತು; ಆ ದರದಲ್ಲಿ 9 ವರ್ಷಕ್ಕೆ ಸುಮಾರು 92 ಡಾಲರ್, ಮೇಲೆ ರಿಜಿಸ್ಟ್ರಾರ್ ಲಾಭ ಮತ್ತು ಶೇ 18 ಜಿಎಸ್‌ಟಿ. 6 ಲಕ್ಷದ ವ್ಯವಹಾರದಲ್ಲಿ ಅದು ಲೆಕ್ಕಕ್ಕಿಲ್ಲ. ತೊಡಕಿರುವುದು ಡಾಟ್ ಕಾಮ್‌ನಂಥ ಹಳೆಯವಲ್ಲದ ಹೊಸ ಬಾಲಗಳ 'ಪ್ರೀಮಿಯಂ' ಹೆಸರುಗಳಲ್ಲಿ, ಅಂದರೆ ರಿಜಿಸ್ಟ್ರಿಯೇ ಹೆಚ್ಚು ಬೆಲೆ ಕಟ್ಟಿದ ಹೆಸರುಗಳಲ್ಲಿ. ಅಲ್ಲಿ ಕೆಲವಕ್ಕೆ ಪ್ರತಿ ವರ್ಷವೂ ದುಬಾರಿ ಶುಲ್ಕ. ವರ್ಷಕ್ಕೆ 50,000 ಎಂದಿಟ್ಟುಕೊಳ್ಳಿ: 9 ವರ್ಷಕ್ಕೆ 4,50,000 ಆಯಿತು, ಮಾರುವವರ ಕೈಗೆ ದಕ್ಕಿದ್ದು 1,50,000 ಮಾತ್ರ. ಮಾರಾಟದ ಪಟ್ಟಿಯಲ್ಲಿ '6 ಲಕ್ಷ' ಎಂದು ಬಿದ್ದರೆ, ಅಂಥದೇ ಹೆಸರಿಟ್ಟುಕೊಂಡ ಇನ್ನೊಬ್ಬರು ಒಂದು ವರ್ಷದ ಶುಲ್ಕವನ್ನೂ ಕಟ್ಟದೆ ಆರೇ ಕೇಳುತ್ತಾರೆ. ನಮ್ಮಲ್ಲಿ ಚೆರಿ ಕಾಫಿ ಚೀಲಕ್ಕೆಷ್ಟು ಅಂದರೆ ಓಟಿ (ಒಂದು ಚೀಲ ಚೆರಿಯಿಂದ ಸಿಗುವ ಕಾಫಿ ಬೀಜದ ತೂಕ) ಎಷ್ಟು ಎಂದು ಮರುಪ್ರಶ್ನೆ ಬರುವುದಿಲ್ಲವೇ, ಇಲ್ಲೂ ಹಾಗೆಯೇ ಎಷ್ಟು ವರ್ಷ ಕಟ್ಟಿದೆ ಎಂದು ಕೇಳದೆ ಬೆಲೆಗೆ ಅರ್ಥವಿಲ್ಲ.

ಹಾಗೆಂದು ನಾಲ್ಕೂವರೆಯನ್ನು ನೇರ ಕಳೆದರೂ ಹೋಲಿಕೆ ಸರಿಬರದು. ಕೊಳ್ಳುವವರು ಅದೇ ಶುಲ್ಕವನ್ನು ವರ್ಷವರ್ಷ ಕಟ್ಟಬಹುದಿತ್ತು. ಶೇ 8 ಬಡ್ಡಿ ಹಿಡಿದು, ಮೊದಲ ಕಂತು ಒಂದು ವರ್ಷದ ನಂತರ ಬರುತ್ತದೆ ಎಂದರೆ, ಆ ಒಂಬತ್ತು ಕಂತುಗಳ ಇಂದಿನ ಮೌಲ್ಯ (ಅವನ್ನೆಲ್ಲ ತೀರಿಸಲು ಇಂದು ಬಡ್ಡಿಗಿಟ್ಟರೆ ಸಾಕಾಗುವ ಮೊತ್ತ) ಸುಮಾರು 3.12 ಲಕ್ಷ. ಶುಲ್ಕ ಕಟ್ಟದ ಹೆಸರಿನ ಪಕ್ಕದಲ್ಲಿಟ್ಟು ನೋಡುವಾಗ ಈ ಮಾರಾಟವನ್ನು 2.88 ಲಕ್ಷದ್ದೆಂದು ಎಣಿಸಬೇಕು. ಮಾರಿದವರಿಗೆ ಸಿಕ್ಕಿದ್ದು ಒಂದೂವರೆ, ಹೋಲಿಕೆಗೆ ಬರುವುದು 2.88, ಪಟ್ಟಿಯಲ್ಲಿರುವುದು ಆರು. ಮೂರಕ್ಕೂ 'ಬೆಲೆ' ಎಂಬ ಒಂದೇ ಪದ ಸಾಲದು. ದರ ಏರುವ ಭಯವಿದ್ದರೆ ಮೊದಲೇ ಕಟ್ಟುವುದಕ್ಕೆ ಅದರದೇ ಬೆಲೆ ಉಂಟು: ಈ ಹೊಸ ಬಾಲಗಳ ರಿಜಿಸ್ಟ್ರಿಗಳು ಏರಿಕೆಗೆ ಮುನ್ನ ಸೂಚನೆ ಕೊಟ್ಟು, ಹಳೆಯ ದರದಲ್ಲೇ 10 ವರ್ಷದವರೆಗೆ ನವೀಕರಿಸಲು ಬಿಡಬೇಕೆಂದು, ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಜೊತೆಗಿನ ಅವರ ಒಪ್ಪಂದ ಹೇಳುತ್ತದೆ.

ರಿಜಿಸ್ಟ್ರಿಯೇ ಮಾರುವವನಾದರೆ ಬೆಲೆಯೂ ಶುಲ್ಕವೂ ಒಂದೇ ಜೇಬಿಗೆ. ಆ ವಿಭಜನೆ ಬರೀ ಕಾಗದದ್ದು. ಹತ್ತು ವರ್ಷದ ಒಟ್ಟು ಖರ್ಚನ್ನೇ ಹೋಲಿಸುವುದು ವಾಸಿ.

ನಿಮ್ಮದು ಮೇಲಿನ ಲೆಕ್ಕದಂಥ ಪ್ರೀಮಿಯಂ ಹೆಸರಾಗಿದ್ದರೆ ಕರಾರಿಗೆ ಹೀಗೆ ಬರೆಯಬಹುದು: 'ಮಾರಾಟ ಬೆಲೆ 1,50,000 ರೂ. ಇದರ ಹೊರತಾಗಿ, ಮಾರುವವರು ಮೊದಲೇ ಕಟ್ಟಿದ 9 ವರ್ಷಗಳ ನವೀಕರಣ ಶುಲ್ಕದ ಬಾಬ್ತು 4,50,000 ರೂ. ಒಟ್ಟು ಸಂದಾಯ 6,00,000 ರೂ.' ಕೆಳಗೆ ಅವಧಿ ಮುಗಿಯುವ ದಿನಾಂಕ ಹಾಕಿ.

ವಿರಾಜಪೇಟೆಯಿಂದ ಸೇರ್ಪಡೆ: ಆ ದಿನಾಂಕವನ್ನು ಎಲ್ಲಿಂದ ತೆಗೆದದ್ದು ಎಂಬುದನ್ನೂ ಬರೆಯಿರಿ. ಅವಧಿ ಮುಗಿದ ಡಾಟ್ ಕಾಮ್ ಹೆಸರಿಗೆ ರಿಜಿಸ್ಟ್ರಿ ತಾನಾಗಿ ಒಂದು ವರ್ಷ ಸೇರಿಸಿರುತ್ತದೆ; 45 ದಿನದೊಳಗೆ ರಿಜಿಸ್ಟ್ರಾರ್ ಅದನ್ನು ರದ್ದು ಮಾಡಬಹುದು. ಹೊರಗಿನಿಂದ, ಸಾರ್ವಜನಿಕ ದಾಖಲೆಯಲ್ಲಿ ನೋಡಿದರೆ ಶುಲ್ಕ ಕಟ್ಟಿದಂತೆಯೇ ಕಾಣುತ್ತದೆ. ರಿಜಿಸ್ಟ್ರಾರ್ ಖಾತೆಯೊಳಗಿನ ದಿನಾಂಕ, ಪಾವತಿಯ ರಸೀದಿ ಎರಡೂ ಬೇಕು.

'ವರ್ಗಾವಣೆ' ಪದವೂ ಜಾರುತ್ತದೆ. ಅದೇ ರಿಜಿಸ್ಟ್ರಾರ್ ಒಳಗೆ ಖಾತೆ ಬದಲಾದರೆ ದಿನಾಂಕ ಕದಲುವುದಿಲ್ಲ. ರಿಜಿಸ್ಟ್ರಾರ್ ಬದಲಾದರೆ ಸಾಮಾನ್ಯವಾಗಿ ಒಂದು ವರ್ಷದ ಶುಲ್ಕ ಬೀಳುತ್ತದೆ, ಒಂದು ವರ್ಷ ಸೇರುತ್ತದೆ, ಆದರೆ ಒಟ್ಟು ಅವಧಿ 10 ವರ್ಷ ದಾಟುವಂತಿಲ್ಲ. ಮೊದಲೇ ಹತ್ತು ತುಂಬಿಸಿಟ್ಟಿದ್ದರೆ ಆ ವರ್ಷದ ಪ್ರಯೋಜನ ಸಿಗುವುದಿಲ್ಲ, ಪ್ರೀಮಿಯಂ ಹೆಸರಿಗೆ ಅದು 50,000ದ ಪೆಟ್ಟು. ಆದ್ದರಿಂದ ಮೊದಲು ರಿಜಿಸ್ಟ್ರಾರ್ ಬದಲಿಸಿ, ಆಮೇಲೆ ಉಳಿದ ವರ್ಷ ಕಟ್ಟಲಿ.