ಆಟೋಕ್ಯಾಡ್: ಮೂರು ವ್ಯೂಗಳಿಂದ ಐಸೋಮೆಟ್ರಿಕ್ ಬರೆದರೆ 12 ಇರುವ ದಪ್ಪ 13.86 ಆಗುತ್ತಿದೆ

ಮೆಕ್_ಮೂರನೇಸೆಮ್

ಎಲ್ ಆಕಾರದ ಬ್ರಾಕೆಟ್ಟಿನ ಐಸೋಮೆಟ್ರಿಕ್ (ಮೂರು ಮುಖವೂ ಒಟ್ಟಿಗೆ ಕಾಣುವ ಓರೆ ನೋಟದ ಚಿತ್ರ) ಬರೆಯಬೇಕು. ಫ್ರಂಟ್, ಟಾಪ್, ಎಡಗಡೆಯ ಸೈಡ್ ವ್ಯೂ ಕೊಟ್ಟಿದ್ದಾರೆ, ಫಸ್ಟ್ ಆ್ಯಂಗಲ್ (ವ್ಯೂಗಳನ್ನು ಹಾಳೆಯಲ್ಲಿ ಜೋಡಿಸುವ ಒಂದು ಪದ್ಧತಿ). ಬೇಸ್ 80 × 50, ದಪ್ಪ 12. ಹಿಂದಿನ ಅಂಚಿನಲ್ಲಿ 12 ದಪ್ಪದ ನಿಂತ ಪ್ಲೇಟ್, ಬುಡದಿಂದ ಒಟ್ಟು ಎತ್ತರ 60. ಪ್ಲೇಟಿನಲ್ಲಿ ಡಯಾ 30 ತೂತು, ಸೆಂಟರ್ ಎಡದಿಂದ 40, ಬುಡದಿಂದ 36. ಪ್ಲೇಟಿನ ಮೇಲಿನ ಎರಡು ಮೂಲೆಗೆ ರೇಡಿಯಸ್ 15. ಬೇಸಿನ ಮುಂದಿನ ಎರಡು ಮೂಲೆಗೂ 20 × 45° ಚಾಂಫರ್ (ಮೂಲೆಯ ಓರೆ ಕಡಿತ). ಎಲ್ಲ ಮಿ.ಮೀ.

ತೊಂದರೆಗಳು: ಬೇಸಿನ ದಪ್ಪಕ್ಕೆ ಆಫ್‌ಸೆಟ್ (ಸಮಾಂತರ ಗೆರೆ ಎಳೆಯುವ ಕಮಾಂಡ್) 12 ಕೊಟ್ಟೆ, ಅಳೆದರೆ ನೇರ ಎತ್ತರ 13.86. ಉದ್ದ 80ರ ಗೆರೆಗೆ ಡೈಮೆನ್ಶನ್ ಹಾಕಿದರೆ 69.28 ತೋರಿಸುತ್ತದೆ. ಎಲಿಪ್ಸ್ ಕಮಾಂಡಿನಲ್ಲಿ ಐಸೋಸರ್ಕಲ್ (ಓರೆ ಮುಖದ ಮೇಲೆ ಕಾಣುವ ವೃತ್ತ) ಆಯ್ಕೆಯೇ ಬರುತ್ತಿಲ್ಲ. ಬಲಗಡೆಯ ಚಾಂಫರ್ ಬರೆದರೆ ಬರೀ ಒಂದು ಗೆರೆ ಆಗಿ ಉಳಿಯುತ್ತದೆ. ಎಲ್ಲಿ ತಪ್ಪುತ್ತಿದೆ?

ಗೆರೆಗಾರ

ಮೊದಲ ಮೂರಕ್ಕೂ ಮೂಲ ಒಂದೇ. ಇದು ಮೂರು ಆಯಾಮದ ಮಾಡೆಲ್ ಅಲ್ಲ, ಹಾಗೆ ಕಾಣುವ ಚಪ್ಪಟೆ ಚಿತ್ರ. ಆಟೋಕ್ಯಾಡ್‌ಗೆ ಅದು ಗೊತ್ತಿಲ್ಲ.

ಆಫ್‌ಸೆಟ್ ದೂರವನ್ನು ಗೆರೆಗೆ ಲಂಬವಾಗಿ ಅಳೆಯುತ್ತದೆ. 30°ಯ ಗೆರೆಯನ್ನು ಲಂಬವಾಗಿ 12 ಸರಿಸಿದರೆ ನೇರ ಮೇಲ್ಮುಖದ ಅಂತರ 12 ÷ ಕಾಸ್ 30° = 13.86. ಐಸೋಮೆಟ್ರಿಕ್‌ನಲ್ಲಿ ಆಫ್‌ಸೆಟ್ ಮರೆತುಬಿಡಿ, ಕಾಪಿ ಬಳಸಿ: ಗೆರೆ ಆರಿಸಿ, ಬೇಸ್ ಪಾಯಿಂಟ್ ಹಿಡಿದು @12<90. ಮಿರರ್, ಫಿಲೆಟ್‌ಗಳದ್ದೂ ಇದೇ ಹಣೆಬರಹ.

69.28 ಅಂದರೆ 80 × ಕಾಸ್ 30°. ಲೀನಿಯರ್ ಡೈಮೆನ್ಶನ್ ಅಡ್ಡ ಅಥವಾ ನೆಟ್ಟಗಿನ ದೂರವನ್ನು ಮಾತ್ರ ಹಿಡಿಯುತ್ತದೆ. ಅಲೈನ್ಡ್ ಹಾಕಿ, ಆಮೇಲೆ ಡಿಮ್‌ಎಡಿಟ್‌ನಲ್ಲಿ ಆಬ್ಲಿಕ್ (ವಾಲಿಸುವ ಕೋನ) ಕೊಡಿ. ಮುಂಭಾಗದ 80ಕ್ಕೆ 90, ಎತ್ತರಕ್ಕೆ 30. ಆಳ 50ನ್ನು ಎಡ ಮುಖದ ಕೆಳಗೆ ಹಾಕುವುದಾದರೆ 90. ಸಂಖ್ಯೆ ಬದಲಾಗುವುದಿಲ್ಲ, ಎಕ್ಸ್‌ಟೆನ್ಶನ್ ಗೆರೆಗಳು ಮಾತ್ರ ಆ ಮುಖಕ್ಕೆ ವಾಲುತ್ತವೆ.

ಐಸೋಸರ್ಕಲ್ ಕಾಣಬೇಕಾದರೆ ಐಸೋಮೆಟ್ರಿಕ್ ಮೋಡ್ ಆನ್ ಇರಬೇಕು. ಹೊಸ ಆವೃತ್ತಿಗಳಲ್ಲಿ ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ ಐಸೋಡ್ರಾಫ್ಟ್ ಗುಂಡಿ ಇದೆ. ಹಳೆಯದರಲ್ಲಿ ಸ್ನ್ಯಾಪ್ → ಸ್ಟೈಲ್ → ಐಸೋಮೆಟ್ರಿಕ್. ಎಫ್8ರಲ್ಲಿ ಆರ್ಥೋ (ಗೆರೆಯನ್ನು ಅಕ್ಷದ ದಿಕ್ಕಿಗೇ ಹಿಡಿದಿಡುವ ಮೋಡ್) ಆನ್ ಮಾಡಿ. ಎಫ್5 ಒತ್ತಿದಂತೆಲ್ಲ ಎಡ, ಮೇಲೆ, ಬಲ ಐಸೋಪ್ಲೇನ್‌ಗಳು (ಬರೆಯುವ ಮುಖಗಳು) ಸುತ್ತುತ್ತವೆ.

ಎಡಗಡೆಯ ಸೈಡ್ ವ್ಯೂ ಕೊಟ್ಟಿರುವುದರಿಂದ ಭಾಗವನ್ನು ಮುಂದೆ-ಎಡದಿಂದ ನೋಡಿದಂತೆ ಬರೆಯಿರಿ: ಉದ್ದ 30°ಗೆ, ಆಳ 150°ಗೆ, ಎತ್ತರ 90°ಗೆ. ಫಸ್ಟ್ ಆ್ಯಂಗಲ್‌ನಲ್ಲಿ ಎಡ ವ್ಯೂ ಹಾಳೆಯಲ್ಲಿ ಫ್ರಂಟ್ ವ್ಯೂನ ಬಲಕ್ಕೆ ಕೂತಿರುತ್ತದೆ. ಅದನ್ನು ನೋಡಿ ಬಲ ವ್ಯೂ ಅಂದುಕೊಂಡವರ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಬಿಡುತ್ತದೆ. ಅಮೆರಿಕದ ಡ್ರಾಯಿಂಗ್ ಬಂದರೆ ಸಾಮಾನ್ಯವಾಗಿ ಥರ್ಡ್ ಆ್ಯಂಗಲ್, ಟೈಟಲ್ ಬ್ಲಾಕಿನ ಚಿಹ್ನೆ ನೋಡದೆ ಶುರು ಮಾಡಬೇಡಿ.

ಮೊದಲು 80 × 50 × 60ರ ಪೂರ್ತಿ ಪೆಟ್ಟಿಗೆ ಎಳೆದು, ಒಳಗಿನಿಂದ ಎಲ್ ತೆಗೆಯಿರಿ. ಚಾಂಫರ್ ಕೊನೆಗೆ. ತೂತಿನ ಸೆಂಟರ್‌ಗೆ ಪೆಟ್ಟಿಗೆಯ ಮುಂದಿನ ಎಡ ಕೆಳಮೂಲೆಯಿಂದ ಲೈನ್ ಕಮಾಂಡಿನಲ್ಲೇ ನಡೆಯಿರಿ: @38<150, @40<30, @36<90. 38 ಯಾಕೆಂದರೆ ನಿಂತ ಪ್ಲೇಟಿನ ಮುಂಮುಖ 50 ಕಳೆ 12ರಲ್ಲಿದೆ. ಅಲ್ಲಿ ಬಲ ಐಸೋಪ್ಲೇನ್‌ಗೆ ಬಂದು ಐಸೋಸರ್ಕಲ್, ರೇಡಿಯಸ್ 15. ಪ್ಲೇನ್ ತಪ್ಪಿದರೆ ತೂತು ಗೋಡೆಯಲ್ಲಿ ಕೂರದೆ ಮಲಗಿದ ತಟ್ಟೆ ಆಗುತ್ತದೆ. ಸರಿ ಬಂದಿದೆಯೇ ಅಂತ ಪ್ರಾಪರ್ಟೀಸ್‌ನಲ್ಲಿ ನೋಡಿ: ದೊಡ್ಡ ವ್ಯಾಸ 36.74, ಚಿಕ್ಕದು 21.21 ಇರಬೇಕು (ಅಲ್ಲಿ ಅರ್ಧ ತೋರಿಸಿದರೆ 18.37, 10.61). ಎಲಿಪ್ಸನ್ನು @12<150 ಕಾಪಿ ಮಾಡಿ, ಮುಂದಿನ ಎಲಿಪ್ಸಿನ ಒಳಗೆ ಬೀಳುವ ಬಲ-ಕೆಳಗಿನ ಕಮಾನು ಮಾತ್ರ ಉಳಿಸಿ ಟ್ರಿಮ್ ಮಾಡಿ. ಅದೇ ತೂತಿನ ಹಿಂದಿನ ಅಂಚು.

ಮೇಲಿನ ಮೂಲೆಗಳಿಗೂ ಐಸೋಸರ್ಕಲ್ 15, ಸೆಂಟರ್ ಎರಡೂ ಅಂಚಿನಿಂದ 15 ಒಳಗೆ, ಮಿಕ್ಕಿದ್ದು ಟ್ರಿಮ್. ಬಲ ಮೂಲೆಯಲ್ಲಿ ಮುಂದಿನ ಮತ್ತು ಹಿಂದಿನ ಕಮಾನು ಸೇರಿಸುವ ಗೆರೆ ಬೇಕು. ಕ್ವಾಡ್ರಂಟ್ (ಎಲಿಪ್ಸಿನ ಅಕ್ಷದ ತುದಿ) ಸ್ನ್ಯಾಪ್‌ನಿಂದ ಕ್ವಾಡ್ರಂಟ್‌ಗೆ ಎಳೆಯಿರಿ, ನಿಖರವಾಗಿ ಸ್ಪರ್ಶಿಸುತ್ತದೆ. ಎಡ ಮೂಲೆಗೆ ಆ ಗೆರೆ ಬರುವುದಿಲ್ಲ. ಅಲ್ಲಿ ಹಾಕಿದವರೇ ಹೆಚ್ಚು!

ಸಾಲಿಡ್_ಪ್ರಿಯ

ಇಷ್ಟೆಲ್ಲ ಯಾಕೆ? ಸಾಲಿಡ್ (ಮೂರು ಆಯಾಮದ ಮಾಡೆಲ್) ಮಾಡಿ ಸೌತ್‌ವೆಸ್ಟ್ ಐಸೋಮೆಟ್ರಿಕ್ ವ್ಯೂ ಇಟ್ಟು ಫ್ಲ್ಯಾಟ್‌ಶಾಟ್ (ಆ ನೋಟವನ್ನು ಚಪ್ಪಟೆ ಗೆರೆಚಿತ್ರ ಮಾಡುವ ಕಮಾಂಡ್) ಕೊಡಿ. ಡಯಲಾಗ್‌ನಲ್ಲಿ ಅಬ್‌ಸ್ಕ್ಯೂರ್ಡ್ (ಮರೆಯಾದ) ಲೈನ್‌ಗಳ ‘ಶೋ’ ಟಿಕ್ ತೆಗೆಯಿರಿ, ಟ್ಯಾಂಜೆನ್ಷಿಯಲ್ ಎಡ್ಜ್ ಟಿಕ್ಕೂ ತೆಗೆಯಿರಿ. ಇಲ್ಲದಿದ್ದರೆ ರೇಡಿಯಸ್ 15 ಶುರುವಾಗುವ ಕಡೆಯೆಲ್ಲ ಅನಗತ್ಯ ಗೆರೆ ಬರುತ್ತದೆ. ಹಾಗೆ ಬಂದ ಚಿತ್ರದ ಬ್ಲಾಕ್ ಯುಸಿಎಸ್‌ನ (ಈಗ ಬಳಸುತ್ತಿರುವ ಅಕ್ಷವ್ಯವಸ್ಥೆಯ) ಎಕ್ಸ್-ವೈ ಪ್ಲೇನ್ ಮೇಲೆ ಬೀಳುತ್ತದೆ, ಟಾಪ್ ವ್ಯೂಗೆ ಹೋಗಿ ನೋಡಿ. ಐಸೋ ವ್ಯೂನಲ್ಲೇ ನೋಡಿದರೆ ಜಜ್ಜಿದಂತೆ ಕಾಣುತ್ತದೆ.

ಮೆಕ್_ಮೂರನೇಸೆಮ್

ಸರ್, ಹಾಗೆ ಮಾಡಿದೆ. ಈಗ 80 ಇದ್ದಿದ್ದು 65.32 ತೋರಿಸುತ್ತಿದೆ.

ಗೆರೆಗಾರ

ಅದು ನಿಜವಾದ ಐಸೋಮೆಟ್ರಿಕ್ ಪ್ರೊಜೆಕ್ಷನ್, ಅಕ್ಷದ ಮೇಲಿನ ಉದ್ದಗಳು 0.8165 ಪಟ್ಟು ಕುಗ್ಗುತ್ತವೆ. ಪ್ರಶ್ನೆಯಲ್ಲಿ ‘ಐಸೋಮೆಟ್ರಿಕ್ ಪ್ರೊಜೆಕ್ಷನ್’ ಅಂತಿದ್ದರೆ ಹಾಗೇ ಬಿಡಿ. ‘ಐಸೋಮೆಟ್ರಿಕ್ ವ್ಯೂ’ ಅಥವಾ ‘ಡ್ರಾಯಿಂಗ್’ ಅಂತಿದ್ದರೆ ಸ್ಕೇಲ್ → ರೆಫರೆನ್ಸ್ ಕೊಟ್ಟು 80ರ ಅಂಚಿನ ಎರಡು ತುದಿ ಹಿಡಿದು 80 ಟೈಪ್ ಮಾಡಿ. 1.2247ರಿಂದ ಗುಣಿಸುವುದಕ್ಕಿಂತ ಇದು ಚೊಕ್ಕ. ಸಾಲಿಡ್_ಪ್ರಿಯ ಹೇಳಿದ ದಾರಿ ವೇಗದ್ದೇ, ಆದರೆ ಆಟೋಕ್ಯಾಡ್‌ನ ಕಿರು ಆವೃತ್ತಿ ಎಲ್‌ಟಿಯಲ್ಲಿ ಸಾಲಿಡ್ ಮಾಡಲಾಗದು. ಪರೀಕ್ಷೆಯಲ್ಲಿ ಗೆರೆಯಿಂದಲೇ ಕಟ್ಟಿ ಅಂದರೂ ನಡೆಯದು.

ಇನ್ನು ಚಾಂಫರ್. ನೀವು ಬರೆದದ್ದು ಸರಿಯೇ ಇದೆ. ಓರೆ ಗೆರೆಯ ಉದ್ದವನ್ನು ಐಸೋಮೆಟ್ರಿಕ್‌ನಲ್ಲಿ ನೇರವಾಗಿ ಅಳೆದು ಹಾಕಲಾಗದು. ಮೂಲೆಯಿಂದ ಎರಡು ಅಂಚುಗಳ ಮೇಲೆ 20, 20 ಗುರುತಿಸಿ ಜೋಡಿಸಬೇಕು. ನಿಜವಾದ ಉದ್ದ 28.28. ಮುಂದಿನ ಎಡ ಮೂಲೆಯಲ್ಲಿ ಅದು 34.64ರ ಅಡ್ಡಗೆರೆ ಆಗುತ್ತದೆ, ಕೆಳಗೆ 12 ಎತ್ತರದ ಮುಖವೂ ಕಾಣುತ್ತದೆ. ಬಲ ಮೂಲೆಯಲ್ಲಿ ಅದೇ ಚಾಂಫರ್ 20ರ ನೆಟ್ಟಗಿನ ಗೆರೆ. ನಮ್ಮ ನೋಟದ ದಿಕ್ಕು ಆ 45°ಯ ಮುಖದ ಉದ್ದಕ್ಕೇ ಹಾಯುವುದರಿಂದ ಮುಖ ಕಾಣುವುದೇ ಇಲ್ಲ. ಮೇಲಂಚು, ಕೆಳಂಚು ಒಂದರ ಮೇಲೊಂದು ಬಿದ್ದು ಒಟ್ಟು 32ರ ಒಂದೇ ಗೆರೆ ಉಳಿಯುತ್ತದೆ.

ಮೆಕ್_ಮೂರನೇಸೆಮ್

ಸೌತ್‌ಈಸ್ಟ್‌ನಿಂದ ನೋಡಿದರೆ ಸರಿಹೋಗುತ್ತದಾ?

ಗೆರೆಗಾರ

ಇಲ್ಲ, ಆಗ ಎಡಗಡೆಯದು ಮಾಯ. ಎರಡೂ 45° ಇರುವಾಗ ಒಂದು ಹೋಗಲೇಬೇಕು. ಕಾಣುವ ಚಾಂಫರ್‌ಗೆ ಲೀಡರ್ (ಬಾಣದ ಗೆರೆ) ಎಳೆದು ‘20 × 45°, 2 ಕಡೆ’ ಅಂತ ಬರೆಯಿರಿ. ತೂತಿಗೂ ಲೀಡರ್‌ನಲ್ಲೇ ಡಯಾ 30 ಬರೆಯಬೇಕು, ಡಯಾಮೀಟರ್ ಡೈಮೆನ್ಶನ್ ಎಲಿಪ್ಸನ್ನು ಹಿಡಿಯುವುದಿಲ್ಲ. ಅಕ್ಷರ ಬಲ ಮುಖದ ಮೇಲೆ ಕೂರಬೇಕಾದರೆ ರೊಟೇಶನ್ 30, ಆಬ್ಲಿಕ್ 30. ಎಡ ಮುಖಕ್ಕೆ ಎರಡೂ -30. ಮೇಲಿನ ಮುಖಕ್ಕೆ ರೊಟೇಶನ್ 30, ಆಬ್ಲಿಕ್ -30.